ಮಾಸ್ಕ್ ಬೇಡವಾದ 126 ಮಂದಿ: ನಾಲಗೆಯ ನರಕ್ಕೆ ಇಂಪ್ಲಾಂಟ್ ಹಾಕಿದ ಒಂದು ಪ್ರಕರಣ

2014ರ ಜನವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ಪ್ರಯೋಗದ ಹೆಸರು ಸ್ಟಾರ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಸ್ಟ್ರೋಲೊ ಅದರ ಮೊದಲ ಲೇಖಕರು. ಅಮೆರಿಕ ಮತ್ತು ಯುರೋಪಿನ 22 ಕೇಂದ್ರಗಳಲ್ಲಿ ಒಟ್ಟು 126 ಜನರಿಗೆ ಆಪರೇಷನ್ ಮಾಡಿದ್ದರು. ಎದೆಯ ಚರ್ಮದ ಕೆಳಗೆ ಒಂದು ಸಾಧನ ಇಟ್ಟು, ಅದರ ತಂತಿಯನ್ನು ನಾಲಗೆಯ ನರಕ್ಕೆ ಕೂಡಿಸಿದ್ದರು. 126 ಜನರಿಗೂ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಕಾಯಿಲೆ ಇತ್ತು. ಎಲ್ಲರೂ ಅದಕ್ಕೆಂದು ಒತ್ತಡದಲ್ಲಿ ಗಾಳಿ ಬಿಡುವ ಸಿಪ್ಯಾಪ್ ಮಾಸ್ಕ್ ಜೊತೆ ಏಗಲಾರದೆ ಸೋತವರು.

ಅಮೆರಿಕದಲ್ಲಿರುವ ನಮ್ಮ ಕಡೆಯವರು ಯಾರಾದರೂ ‘ಮಾಸ್ಕ್ ಸಾಕಾಗಿದೆ, ಇಂಪ್ಲಾಂಟ್ ಹಾಕಿಸಿಕೊಂಡುಬಿಡಲಾ?’ ಎಂದು ಕೇಳಿದರೆ ನಾನು ಈ ಪ್ರಯೋಗದ ಕಥೆ ಹೇಳುತ್ತೇನೆ. ಅಲ್ಲಿನ ಟಿವಿ ಜಾಹೀರಾತು ನೋಡಿದವರಿಗೆ, ಮಾಸ್ಕ್ ಆಗದವರೆಲ್ಲ ಹೋಗಿ ಹಾಕಿಸಿಕೊಳ್ಳಬಹುದು ಅನ್ನಿಸುತ್ತದೆ. ಆದರೆ ಸ್ಟಾರ್ ಪ್ರಯೋಗ ಗೆದ್ದಿದ್ದು ಬಾಗಿಲಲ್ಲೇ ತುಂಬಾ ಜನರನ್ನು ವಾಪಸ್ ಕಳಿಸಿದ್ದರಿಂದ. ಯಾರನ್ನು ಕಳಿಸಿದರು, ಯಾಕೆ ಕಳಿಸಿದರು ಅನ್ನುವುದೇ ಇದರಲ್ಲಿ ಮುಖ್ಯ ಎಂದು ನನ್ನ ಅಭಿಪ್ರಾಯ.

ಮೊದಲು ಕಾಯಿಲೆ

ಎಚ್ಚರ ಇರುವಾಗ ನಾಲಗೆಯ ಸ್ನಾಯು ಬಿಗಿಯಾಗಿರುತ್ತದೆ, ಗಂಟಲಿನ ದಾರಿ ತೆರೆದಿರುತ್ತದೆ. ನಿದ್ದೆ ಬಂದ ಮೇಲೆ ಆ ಬಿಗಿ ಸಡಿಲವಾಗುತ್ತದೆ. ಕೆಲವರಲ್ಲಿ ನಾಲಗೆಯ ಬುಡ ಹಿಂದಕ್ಕೆ ಜಾರುತ್ತದೆ, ಕಿರುನಾಲಗೆ ಇರುವ ಮೆತ್ತನೆಯ ಅಂಗುಳವೂ ಕುಸಿಯುತ್ತದೆ. ಗಾಳಿ ನಿಲ್ಲುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಒಳಗೆ ಏನೂ ಹೋಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿದಾಗ ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸುತ್ತದೆ. ಜೋರಾಗಿ ಒಂದು ಗೊರಕೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಮಲಗಿದವರಿಗೆ ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರಿಗೆ ಎಲ್ಲಾ ನೆನಪಿರುತ್ತದೆ.

ಕನಿಷ್ಠ 10 ಸೆಕೆಂಡ್ ಹೀಗೆ ಉಸಿರು ನಿಂತರೆ ಅಥವಾ ತೀರಾ ಕಮ್ಮಿಯಾದರೆ ಅದನ್ನು ಒಂದು ಸಲ ಎಂದು ಲೆಕ್ಕ ಹಾಕುತ್ತಾರೆ. ಗಂಟೆಗೆ ಸರಾಸರಿ ಎಷ್ಟು ಸಲ ಆಗುತ್ತದೆ ಅನ್ನುವುದೇ ಎಎಚ್‌ಐ. 5ರಿಂದ 15 ಇದ್ದರೆ ಸಣ್ಣದು, 15ರಿಂದ 30 ಮಧ್ಯಮ, 30 ದಾಟಿದರೆ ಜೋರು. ಈ ಒಂದು ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಸಿಪ್ಯಾಪ್ ಬಂದಿದ್ದು 1981ರಲ್ಲಿ. ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಅವರ ಜೊತೆಯವರು ಐದು ರೋಗಿಗಳ ಮೂಗಿಗೆ ಒತ್ತಡದಲ್ಲಿ ಗಾಳಿ ಬಿಟ್ಟು, ಗಂಟಲು ಕುಸಿಯದಂತೆ ಹಿಡಿದು ತೋರಿಸಿದರು. ಇವತ್ತಿಗೂ ಅದಕ್ಕಿಂತ ಗಟ್ಟಿ ಚಿಕಿತ್ಸೆ ಇಲ್ಲ. ಹಾಕಿಕೊಂಡು ಮಲಗಿದರೆ ಬಹಳ ಜನರ ಎಎಚ್‌ಐ ಮೊದಲ ರಾತ್ರಿಯೇ ಬಿದ್ದುಹೋಗುತ್ತದೆ. ಕಷ್ಟ ಇರುವುದು ಆ ‘ಹಾಕಿಕೊಂಡು ಮಲಗಿದರೆ’ ಅನ್ನುವುದರಲ್ಲೇ. ಮೂಗಿನ ಮೇಲೆ ಗಾಯ, ಬಾಯಿ ಒಣಗುವುದು, ಕಣ್ಣಿಗೆ ಗಾಳಿ ಬೀಸುವುದು, ಮಗ್ಗುಲಾದರೆ ಟ್ಯೂಬ್ ಎಳೆಯುವುದು. ಮಾಸ್ಕ್ ಹಾಕಿದರೆ ಕಟ್ಟಿಹಾಕಿದಂತೆ ಅನ್ನಿಸಿ ಕಿತ್ತೆಸೆಯುವವರೂ ಇದ್ದಾರೆ. ಊರಿನ ಕಡೆ ಇನ್ನೊಂದು ತೊಂದರೆ: ಕರೆಂಟ್ ಹೋದರೆ ಮೆಷಿನ್ನೂ ಮಲಗುತ್ತದೆ. ಅಮೆರಿಕದ ಇನ್ಶೂರೆನ್ಸ್ ಲೆಕ್ಕದಲ್ಲಿ ರಾತ್ರಿಗೆ 4 ಗಂಟೆ, 30 ದಿನದಲ್ಲಿ 70% ರಾತ್ರಿ ಬಳಸಿದರೆ ‘ಸರಿಯಾಗಿ ಬಳಸುತ್ತಿದ್ದಾರೆ’ ಎಂದರ್ಥ. ಅರ್ಧ ರಾತ್ರಿ ಹಾಕಿಕೊಂಡರೂ ಪಾಸು! ಆ ಗೆರೆಯನ್ನೂ ಮುಟ್ಟಲಾರದವರು ಲಕ್ಷಗಟ್ಟಲೆ ಇದ್ದಾರೆ.

ಸೋತವರಿಂದ ಕಲಿತದ್ದು

ನಾಲಗೆಯನ್ನು ಮುಂದಕ್ಕೆ ತಳ್ಳುವ ಸ್ನಾಯುವಿಗೆ ಅಪ್ಪಣೆ ಬರುವುದು ಹೈಪೊಗ್ಲಾಸಲ್ ನರದಿಂದ. ಮೆದುಳಿನಿಂದ ಹೊರಡುವ 12ನೇ ನರ ಅದು. ಅದಕ್ಕೆ ಸಣ್ಣದಾಗಿ ಕರೆಂಟ್ ಕೊಟ್ಟರೆ ನಿದ್ದೆಯಲ್ಲೂ ನಾಲಗೆ ಮುಂದಕ್ಕೆ ಬರುತ್ತದೆ, ದಾರಿ ತೆರೆಯುತ್ತದೆ. ಯೋಚನೆ ಇಷ್ಟೇ.

2001ರಲ್ಲಿ ಅಲನ್ ಶ್ವಾರ್ಟ್ಜ್ ಮತ್ತು ಸಂಗಡಿಗರು ಮೆಡ್‌ಟ್ರಾನಿಕ್ ಕಂಪನಿಯ ಸಾಧನ ಹಾಕಿದ 8 ರೋಗಿಗಳ ವರದಿ ಪ್ರಕಟಿಸಿದರು. ನಿದ್ದೆಯ ನಾನ್-ರೆಮ್ (ಕಣ್ಣುಗುಡ್ಡೆ ಚುರುಕಾಗಿ ಓಡಾಡದ) ಭಾಗದಲ್ಲಿ ಎಎಚ್‌ಐ 52ರಿಂದ ಸುಮಾರು 23ಕ್ಕೆ ಇಳಿದಿತ್ತು. ಆದರೆ ಸಾಧನವೇ ಕೈಕೊಡುತ್ತಿತ್ತು. ಪ್ರಯೋಗ ಮುಗಿದ ಮೇಲೂ ಅದನ್ನು ಬಳಸುತ್ತಿದ್ದವರು ಸಾಧನ ಕೆಡದೆ ಉಳಿದ ಮೂರೇ ಜನ. 2007ರಲ್ಲಿ ಈ ಕೆಲಸ ಮೆಡ್‌ಟ್ರಾನಿಕ್‌ನಿಂದ ಬೇರೆಯಾಗಿ, ಮಿನ್ನೆಸೋಟಾದಲ್ಲೇ ಇನ್‌ಸ್ಪೈರ್ ಎಂಬ ಹೊಸ ಕಂಪನಿಯಾಯಿತು.

ಈ ಕಂಪನಿ ಹೊಸ ಸಾಧನ ತಂದಿತು. ಆದರೂ ಮೊದಮೊದಲು ಹಾಕಿಸಿಕೊಂಡವರಲ್ಲಿ ಕೆಲವರಿಗೆ ಚೆನ್ನಾಗಿ ಹಿಡಿಯಿತು, ಉಳಿದವರಿಗೆ ಏನೂ ಆಗಲಿಲ್ಲ. ಅದೇ ನರ, ಅದೇ ತಂತಿ. ಹಾಗಾದರೆ ವ್ಯತ್ಯಾಸ ಎಲ್ಲಿ? ಬೆಲ್ಜಿಯಂನ ಆಂಟ್ವರ್ಪ್ ತಂಡ ಮುಖ್ಯವಾಗಿದ್ದ ಒಂದು ಅಧ್ಯಯನ 2012ರಲ್ಲಿ ಹೊರಬಂತು. ಮೊದಲ ಹಂತದ 20 ಜನರನ್ನು ಕೂರಿಸಿಕೊಂಡು, ಯಾರಿಗೆ ಹಿಡಿಯಿತು, ಯಾರಿಗೆ ಇಲ್ಲ ಎಂದು ನೋಡಿದರು. ಹಿಡಿದವರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಅಳತೆ) 32 ದಾಟಿರಲಿಲ್ಲ, ಎಎಚ್‌ಐ 50 ದಾಟಿರಲಿಲ್ಲ. ಅವರ ಅಂಗುಳವೂ ಒಂದು ನಿರ್ದಿಷ್ಟ ರೀತಿಯಲ್ಲಿ ಮುಚ್ಚಿಕೊಳ್ಳುತ್ತಿರಲಿಲ್ಲ. ಈ ಮೂರು ಜರಡಿಯಲ್ಲಿ ಸೋಸಿ ಇನ್ನೂ 8 ಜನರಿಗೆ ಹಾಕಿದರು. ಅವರ ಎಎಚ್‌ಐ 6 ತಿಂಗಳಲ್ಲಿ ಸರಾಸರಿ 38.9ರಿಂದ 10ಕ್ಕೆ ಬಂತು.

ಮಿನ್ನೆಸೋಟಾದ್ದೇ ಇನ್ನೊಂದು ಕಂಪನಿ ಅಪ್ನೆಕ್ಸ್ ಕೂಡ ಇದೇ ನರಕ್ಕೆ ಸಾಧನ ಮಾಡಿತ್ತು. ಅದರ ದೊಡ್ಡ ಪ್ರಯೋಗ 2013ರಲ್ಲಿ ಅಂದುಕೊಂಡ ಫಲಿತಾಂಶ ಬಾರದೆ ನಿಂತುಹೋಯಿತು. ಅಂದರೆ ಸ್ಟಾರ್ ವರದಿ ಬರುವ ಹಿಂದಿನ ವರ್ಷವೂ ಈ ದಾರಿ ಗೆಲ್ಲುತ್ತದೆ ಎಂದು ಯಾರೂ ಗ್ಯಾರಂಟಿ ಕೊಡುವಂತಿರಲಿಲ್ಲ.

ಆ ಮೂರನೇ ಜರಡಿ

ಬಿಎಂಐ ಮತ್ತು ಎಎಚ್‌ಐ ಕಾಗದದ ಮೇಲೆ ಸಿಗುತ್ತವೆ. ಅಂಗುಳ ಹೇಗೆ ಮುಚ್ಚಿಕೊಳ್ಳುತ್ತದೆ ಅನ್ನುವುದು ಮಲಗಿಸಿ ನೋಡದೆ ಗೊತ್ತಾಗುವುದಿಲ್ಲ. ಇದಕ್ಕೆ ಮಾಡುವ ಪರೀಕ್ಷೆಯನ್ನು ಡೈಸ್ ಅನ್ನುತ್ತಾರೆ. ಔಷಧಿ ಕೊಟ್ಟು ನಿದ್ದೆ ಬರಿಸಿ ಮಾಡುವ ಎಂಡೋಸ್ಕೋಪಿ ಇದು.

ರೋಗಿಯನ್ನು ಆಪರೇಷನ್ ಥಿಯೇಟರಿನಲ್ಲಿ ಅಂಗಾತ ಮಲಗಿಸುತ್ತಾರೆ, ಲೈಟ್ ಕಮ್ಮಿ ಮಾಡುತ್ತಾರೆ. ಸಾಮಾನ್ಯವಾಗಿ ಪ್ರೊಪೊಫಾಲ್ ಅನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಜಾಸ್ತಿಯಾದರೆ ಗಂಟಲು ತೀರಾ ಸಡಿಲವಾಗಿ ಸುಳ್ಳು ಚಿತ್ರ ಬರುತ್ತದೆ. ಕಮ್ಮಿಯಾದರೆ ಕುಸಿಯುವುದೇ ಇಲ್ಲ. ಗೊರಕೆ ಶುರುವಾಗುವ ತನಕ ಕಾಯಬೇಕು. ಗೊರಕೆ ಬಂದ ಮೇಲೆ ಬಳುಕುವ ಸಣ್ಣ ಕ್ಯಾಮೆರಾ ಕೊಳವೆ ಮೂಗಿನೊಳಗಿಂದ ಇಳಿಯುತ್ತದೆ. ಪರದೆಯ ಮೇಲೆ ಮೊದಲು ಕಾಣುವುದು ಅಂಗುಳದ ಹಿಂದಿನ ಕಿಂಡಿ. ಕೆಲವರಲ್ಲಿ ಅದು ಮುಂದಿನಿಂದ ಹಿಂದಕ್ಕೆ, ಬಾಗಿಲು ಮುಚ್ಚಿದ ರೀತಿಯಲ್ಲಿ ಕೂಡಿಕೊಳ್ಳುತ್ತದೆ. ಇಂಥವರಲ್ಲಿ ನಾಲಗೆ ಮುಂದಕ್ಕೆ ಹೋದರೆ ಅಂಗುಳವೂ ಅದರ ಜೊತೆ ಎಳೆದುಕೊಂಡು ಮುಂದಕ್ಕೆ ಬರುತ್ತದೆ, ಕಿಂಡಿ ತೆರೆಯುತ್ತದೆ. ಇನ್ನು ಕೆಲವರಲ್ಲಿ ಪಕ್ಕದ ಗೋಡೆಗಳೂ ಸೇರಿಕೊಂಡು ಸುತ್ತಲಿಂದಲೂ ಮುಚ್ಚಿಕೊಳ್ಳುತ್ತದೆ, ಅಜ್ಜಿಯ ಎಲೆಅಡಿಕೆ ಸಂಚಿಯ ದಾರ ಎಳೆದ ಹಾಗೆ. ಇವರಲ್ಲಿ ನಾಲಗೆಯೊಂದನ್ನೇ ಮುಂದಕ್ಕೆ ತಳ್ಳಿ ಪ್ರಯೋಜನ ಇಲ್ಲ.

ಇದು ಸುಮ್ನೆ ಊಹೆ ಅಲ್ಲ. 2013ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ ಇಂಪ್ಲಾಂಟ್ ಹಾಕಿದ 21 ಜನರನ್ನು ಈ ಲೆಕ್ಕದಲ್ಲಿ ಬೇರೆ ಮಾಡಿ ನೋಡಿದರು. ಸುತ್ತಲಿಂದ ಮುಚ್ಚಿಕೊಳ್ಳದ 16 ಜನರಲ್ಲಿ 81% ಮಂದಿಗೆ ಹಿಡಿದಿತ್ತು. ಸುತ್ತಲಿಂದ ಮುಚ್ಚಿಕೊಳ್ಳುವ 5 ಜನರಲ್ಲಿ ಒಬ್ಬರಿಗೂ ಇಲ್ಲ. ಐದು ಜನ ಅಂದರೆ ಸಣ್ಣ ಸಂಖ್ಯೆ, ನಿಜ. ಆದರೆ ಐವರಲ್ಲಿ ಐವರೂ ಸೋತಾಗ ಆರನೆಯವರ ಎದೆ ಕೊಯ್ಯಲು ಯಾರು ಮುಂದಾಗುತ್ತಾರೆ?

ಇನ್‌ಸ್ಪೈರ್ ಸಾಧನವನ್ನೇ ಬಳಸಿದ ಸ್ಟಾರ್ ತಂಡ ಇದನ್ನೆಲ್ಲ ನಿಯಮ ಮಾಡಿಕೊಂಡಿತು. ಎಎಚ್‌ಐ 20ರಿಂದ 50ರ ಒಳಗೆ. ಬಿಎಂಐ 32 ದಾಟಬಾರದು. ಸುತ್ತಲಿಂದ ಮುಚ್ಚುವ ಅಂಗುಳ ಇದ್ದರೆ ಬೇಡ. ಮೆದುಳೇ ಉಸಿರಾಡಲು ಮರೆಯುವ ಬಗೆಯ ಅಪ್ನಿಯಾ ಜಾಸ್ತಿ ಇದ್ದರೂ ಬೇಡ, ಅಲ್ಲಿ ದಾರಿ ತೆರೆದೇನು ಫಲ? ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುವವರೂ ಬೇಡ. ನೂರಾರು ಜನರನ್ನು ಪರೀಕ್ಷಿಸಿ ಕೊನೆಗೆ ಉಳಿದವರು ಈ 126 ಮಂದಿ. 83% ಗಂಡಸರು, ಸರಾಸರಿ ವಯಸ್ಸು 54.5, ಸರಾಸರಿ ಬಿಎಂಐ 28.4. ಸ್ಲೀಪ್ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತವರಲ್ಲಿ ಇಷ್ಟು ಸಪೂರದವರು ಎಷ್ಟು ಜನ ಇರುತ್ತಾರೆ ನೀವೇ ಯೋಚಿಸಿ.

ಆಪರೇಷನ್

ಆಗಿನ ಪದ್ಧತಿಯಲ್ಲಿ ಬಲಗಡೆ ಮೂರು ಕಡೆ ಕೊಯ್ಯುತ್ತಿದ್ದರು. ಒಂದು ದವಡೆಯ ಕೆಳಗೆ, ನರಕ್ಕೆ. ಒಂದು ಕಾಲರ್ ಮೂಳೆಯ ಕೆಳಗೆ, ಬ್ಯಾಟರಿ ಇರುವ ಸಾಧನಕ್ಕೆ. ಇನ್ನೊಂದು ಪಕ್ಕೆಯಲ್ಲಿ, ಉಸಿರಿನ ಏರಿಳಿತ ಗ್ರಹಿಸುವ ತಂತಿಯನ್ನು ಪಕ್ಕೆಲುಬಿನ ನಡುವಿನ ಸ್ನಾಯುಗಳಲ್ಲಿ ಕೂರಿಸಲು. ಉಸಿರು ಒಳಗೆ ಎಳೆಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಬೇಕಲ್ವಾ, ಆ ತಾಳ ಹಿಡಿಯುವುದು ಈ ತಂತಿ.

ಕುಶಲತೆ ಬೇಕಾಗುವುದು ದವಡೆಯ ಕೆಳಗೆ. ಹೈಪೊಗ್ಲಾಸಲ್ ನರ ಒಂದೇ ಎಳೆ ಅಲ್ಲ. ಅದರ ಕೆಲವು ಕವಲು ನಾಲಗೆಯನ್ನು ಮುಂದಕ್ಕೆ ತಳ್ಳುತ್ತವೆ, ಕೆಲವು ಹಿಂದಕ್ಕೆ ಎಳೆಯುತ್ತವೆ. ಎಲ್ಲಕ್ಕೂ ಒಟ್ಟಿಗೆ ಕರೆಂಟ್ ಕೊಡುವ ಪಟ್ಟಿ ಸುತ್ತಿದರೆ ಎರಡೂ ಕಡೆ ಎಳೆದಾಟವಾಗಿ ನಾಲಗೆ ಇದ್ದಲ್ಲೇ ಗಟ್ಟಿಯಾಗುತ್ತದೆ. ಆದ್ದರಿಂದ ಡಾಕ್ಟರು ನಾಲಗೆಯ ಸ್ನಾಯುಗಳಲ್ಲಿ ಸಣ್ಣ ಸೂಜಿ ಚುಚ್ಚಿ, ಒಂದೊಂದೇ ಕವಲಿಗೆ ಕರೆಂಟ್ ತಾಗಿಸಿ, ಮಾನಿಟರಿನಲ್ಲಿ ಯಾವ ಸ್ನಾಯು ಮಿಡಿಯಿತು ಎಂದು ನೋಡಿ, ಮುಂದಕ್ಕೆ ತಳ್ಳುವ ಎಳೆಗಳನ್ನು ಮಾತ್ರ ಪಟ್ಟಿಯೊಳಗೆ ಸೇರಿಸುತ್ತಾರೆ. ಮುಗಿಸುವ ಮುಂಚೆ ಸಾಧನ ಆನ್ ಮಾಡಿ ಪರೀಕ್ಷೆ. ಅನಸ್ತೇಸಿಯಾದಲ್ಲಿರುವ ರೋಗಿಯ ನಾಲಗೆ ತನ್ನಷ್ಟಕ್ಕೆ ತಾನು ಮುಂದೆ ಬಂದರೆ ಹೊಲಿಗೆ ಹಾಕಬಹುದು. ಸ್ಟಾರ್‌ನಲ್ಲಿ ಇದಕ್ಕೆಲ್ಲ ಹಿಡಿದದ್ದು ಸುಮಾರು 140 ನಿಮಿಷ.

ಆ ರಾತ್ರಿಯೇ ಆನ್ ಮಾಡುವುದಿಲ್ಲ. ಒಂದು ತಿಂಗಳು ಗಾಯ ಮಾಗಲು ಬಿಡುತ್ತಾರೆ. ಅಷ್ಟು ದಿನ ಅಪ್ನಿಯಾ ಹಾಗೇ ಇರುತ್ತದೆ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಆಮೇಲೆ ಸ್ಲೀಪ್ ಲ್ಯಾಬಿನಲ್ಲಿ ಮಲಗಿಸಿ ಎಷ್ಟು ವೋಲ್ಟೇಜಿಗೆ ಗಂಟಲು ತೆರೆಯುತ್ತದೆ, ಎಷ್ಟಕ್ಕೆ ರೋಗಿ ಎಚ್ಚರಾಗುತ್ತಾರೆ ಎಂದು ನೋಡಿ ಹೊಂದಿಸುತ್ತಾರೆ. ಮನೆಯಲ್ಲಿ ಮಲಗುವಾಗ ರಿಮೋಟ್ ಒತ್ತಬೇಕು. ನಿದ್ದೆ ಬರಲಿ ಎಂದು ಸಾಧನ ಸ್ವಲ್ಪ ಹೊತ್ತು ಕಾಯುತ್ತದೆ. ಬೆಳಿಗ್ಗೆ ಎದ್ದು ಆಫ್ ಮಾಡಬೇಕು. ರಾತ್ರಿ ರಿಮೋಟ್ ಒತ್ತಲು ಮರೆತರೆ ಅವತ್ತು ಚಿಕಿತ್ಸೆ ಇಲ್ಲ.

ಫಲಿತಾಂಶ

12 ತಿಂಗಳಿಗೆ ಎಎಚ್‌ಐನ ನಡುವಿನ ಅಂಕಿ 29.3ರಿಂದ 9ಕ್ಕೆ ಇಳಿದಿತ್ತು, 68% ಇಳಿತ. ಆಕ್ಸಿಜನ್ ಕುಸಿಯುವುದು ಗಂಟೆಗೆ 25.4 ಸಲ ಇದ್ದದ್ದು 7.4 ಆಗಿತ್ತು. ಹಗಲು ತೂಕಡಿಸುವುದೂ ಕಮ್ಮಿಯಾಗಿತ್ತು. ಪ್ರತಿದಿನ ಬಳಸುತ್ತೇವೆ ಎಂದವರು 86%. ಮಾಸ್ಕ್ ಮೂಲೆಗೆ ಎಸೆದವರ ಗುಂಪಿನಲ್ಲಿ ಇದು ದೊಡ್ಡ ಮಾತು.

ಆದರೆ ‘ಗೆದ್ದವರು’ ಎಂದು ಯಾರನ್ನು ಕರೆದರು ನೋಡಬೇಕು. ಎಎಚ್‌ಐ ಅರ್ಧಕ್ಕಿಂತ ಕೆಳಗೆ ಬರಬೇಕು, ಜೊತೆಗೆ 20ರ ಒಳಗಿರಬೇಕು. ಇಷ್ಟಾದರೆ ಗೆಲುವು. ಗಂಟೆಗೆ 18 ಸಲ ಉಸಿರು ಕಟ್ಟುವವರೂ ಇದರಲ್ಲಿ ಗೆದ್ದವರೇ! ಮಾಸ್ಕ್ ಸರಿಯಾಗಿ ಹಾಕಿಕೊಂಡವರಲ್ಲಿ ಡಾಕ್ಟರು 5ರ ಒಳಗೆ ಬರಲಿ ಎಂದು ಬಯಸುತ್ತಾರೆ. ಈ ಸಡಿಲ ಗೆರೆಯಲ್ಲೂ ಗೆದ್ದವರು 66%. ಅಂದರೆ ಇಷ್ಟು ಜರಡಿ ಹಿಡಿದ ಮೇಲೂ, ಕುತ್ತಿಗೆ ಎದೆ ಕೊಯ್ಸಿಕೊಂಡ ಮೂವರಲ್ಲಿ ಒಬ್ಬರು ಗೆರೆ ಮುಟ್ಟಲಿಲ್ಲ. ಇಂಪ್ಲಾಂಟ್ ಕೇಳಿಕೊಂಡು ಬರುವವರಿಗೆ ನಾನು ಮೊದಲು ಹೇಳುವ ಅಂಕಿ ಇದೇ.

ಇನ್ನೊಂದು ಪ್ರಶ್ನೆ ಇತ್ತು. ಈ ಪ್ರಯೋಗದಲ್ಲಿ ಹೋಲಿಸಿ ನೋಡಲು ಸಾಧನ ಇಲ್ಲದ ಗುಂಪು ಇರಲಿಲ್ಲ. ಒಂದು ವರ್ಷದಲ್ಲಿ ಯಾರೋ ತೂಕ ಇಳಿಸಿರಬಹುದು, ಯಾರೋ ಕುಡಿಯುವುದು ಬಿಟ್ಟಿರಬಹುದು. ಕಮ್ಮಿಯಾಗಿದ್ದು ಸಾಧನದಿಂದಲೇ ಎಂದು ಹೇಗೆ ನಂಬುವುದು? ಸ್ಟಾರ್ ತಂಡದ ಉಪಾಯ ನನಗೆ ತುಂಬಾ ಹಿಡಿಸಿದ್ದು ಇಲ್ಲಿ. ಗೆದ್ದವರಲ್ಲಿ ಸಾಲಾಗಿ 46 ಜನರನ್ನು ತೆಗೆದುಕೊಂಡು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 23 ಜನರ ಸಾಧನ ಹಾಗೇ ಓಡುತ್ತಿರಲಿ, ಇನ್ನು 23 ಜನರದು ಒಂದು ವಾರ ಆಫ್. ಓಡುತ್ತಿದ್ದವರ ಸರಾಸರಿ ಎಎಚ್‌ಐ 7.2ರಿಂದ 8.9 ಆಯಿತು, ಹೆಚ್ಚುಕಮ್ಮಿ ಇದ್ದಲ್ಲೇ. ಆಫ್ ಮಾಡಿದವರದು 7.6ರಿಂದ 25.8ಕ್ಕೆ ಹಾರಿತು. ಒಂದೇ ವಾರದಲ್ಲಿ ಕಾಯಿಲೆ ಹೆಚ್ಚುಕಮ್ಮಿ ಹಳೆಯ ಮಟ್ಟಕ್ಕೇ ವಾಪಸ್! ಇದರಿಂದ ಎರಡು ವಿಷಯ ಒಟ್ಟಿಗೆ ತಿಳಿಯಿತು. ಕೆಲಸ ಮಾಡುತ್ತಿದ್ದದ್ದು ಸಾಧನವೇ. ಅದು ಕಾಯಿಲೆ ವಾಸಿ ಮಾಡಿರಲೂ ಇಲ್ಲ.

ಆದರೂ ಒಂದು ಕೊರತೆ ಉಳಿಯಿತು: ಆಫ್ ಆಗಿರುವುದು ರೋಗಿಗೆ ಗೊತ್ತಾಗುತ್ತದಲ್ಲ? ಜರ್ಮನಿಯಲ್ಲಿ ನಡೆದು 2021ರಲ್ಲಿ ಪ್ರಕಟವಾದ ಎಫೆಕ್ಟ್ ಪ್ರಯೋಗ ಅದನ್ನೂ ನೋಡಿತು. ಇಂಪ್ಲಾಂಟ್ ಇದ್ದ 89 ಜನರಿಗೆ ಒಂದು ವಾರ ನಿಜವಾದ ಕರೆಂಟ್, ಒಂದು ವಾರ ಪರಿಣಾಮ ಇಲ್ಲದಷ್ಟು ಸಣ್ಣ ಕರೆಂಟ್. ಎಎಚ್‌ಐ 15ರ ಒಳಗೆ ಇದ್ದವರು ನಿಜವಾದದ್ದರಲ್ಲಿ ಸುಮಾರು 73%, ಸುಳ್ಳು ಕರೆಂಟಿನಲ್ಲಿ 30%ರ ಆಸುಪಾಸು.

ಸ್ಟಾರ್‌ನಲ್ಲಿ ತೊಂದರೆಗಳು ಹೆಚ್ಚಾಗಿ ಸಣ್ಣವು, ಆದರೆ ಕಿರಿಕಿರಿಯವು. 18% ಜನಕ್ಕೆ ಆಪರೇಷನ್ ಆದ ಮೇಲೆ ನಾಲಗೆ ಸ್ವಲ್ಪ ದಿನ ಬಲ ಕಳೆದುಕೊಂಡಿತ್ತು, ಆಮೇಲೆ ಸರಿಹೋಯಿತು. 40% ಜನ ಕರೆಂಟಿನಿಂದ ಕಸಿವಿಸಿ ಆಗುತ್ತದೆ ಎಂದರು. ನಾಲಗೆ ಕೆಳಗಿನ ಹಲ್ಲಿಗೆ ಉಜ್ಜಿ ಹುಣ್ಣಾದವರೂ ಇದ್ದರು. ಅಂಥವರಿಗೆ ವೋಲ್ಟೇಜ್ ಹೊಂದಿಸುತ್ತಾರೆ, ಇಲ್ಲವೇ ಹಲ್ಲಿಗೆ ಪ್ಲಾಸ್ಟಿಕ್ ಕವಚ ಕೊಡುತ್ತಾರೆ. ಅಂದರೆ ಮಾಸ್ಕ್ ಬೇಡ ಎಂದು ಬಂದವರಿಗೆ ಬಾಯಿಗೆ ಒಂದು ಹಾಕಿಕೊಳ್ಳುವ ಯೋಗ! ಸಾಧನ ಒತ್ತುತ್ತದೆ ಎಂದು ಮತ್ತೆ ಆಪರೇಷನ್ ಮಾಡಿ ಜಾಗ ಬದಲಿಸಬೇಕಾಗಿ ಬಂದದ್ದು ಇಬ್ಬರಿಗೆ.

5 ವರ್ಷದ ನಂತರದ ವರದಿ 2018ರಲ್ಲಿ ಬಂತು. 126ರಲ್ಲಿ 97 ಜನ ಕೊನೆ ತನಕ ಇದ್ದರು, ಸ್ಲೀಪ್ ಲ್ಯಾಬಿನಲ್ಲಿ ಮತ್ತೆ ಮಲಗಲು ಒಪ್ಪಿದವರು 71. ಆ 71 ಜನರಲ್ಲಿ 75% ಗೆದ್ದವರು. ಬಾರದೆ ಹೋದವರ ಹಳೆಯ ಅಂಕಿಯನ್ನೂ ಸೇರಿಸಿ ಲೆಕ್ಕ ಹಾಕಿದರೆ 63%. ಜಾಹೀರಾತಿಗೆ ಯಾವುದು ಒಗ್ಗುತ್ತದೆ ಎಂದು ಹೇಳಬೇಕಿಲ್ಲ. ನಾನಾದರೆ 63 ಹಿಡಿದುಕೊಳ್ಳುತ್ತೇನೆ.

ಆಮೇಲೆ ಏನಾಯಿತು

ಔಷಧಿ, ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2014ರ ಏಪ್ರಿಲ್ 30ರಂದು ಇನ್‌ಸ್ಪೈರ್ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು. 2020ರಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಖರ್ಚು ಭರಿಸಲು ಶುರು ಮಾಡಿತು. ಮೂರು ಕೊಯ್ತ ಎರಡಾಯಿತು. 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಐದನೇ ಮಾದರಿಯಲ್ಲಿ ಉಸಿರು ಗ್ರಹಿಸುವ ಬೇರೆ ತಂತಿಯೇ ಇಲ್ಲ, ಅದು ಸಾಧನದೊಳಗೇ ಸೇರಿದೆ. ಬ್ಯಾಟರಿ ಸುಮಾರು 11 ವರ್ಷ ಬರುತ್ತದೆ. ಆಮೇಲೆ ಎದೆಯ ಸಾಧನ ತೆಗೆದು ಬೇರೆ ಇಡಲು ಇನ್ನೊಂದು ಸಣ್ಣ ಆಪರೇಷನ್. ನಲವತ್ತರಲ್ಲಿ ಹಾಕಿಸಿಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು.

ನಡುವೆ ಔಷಧಿಯ ಕಡೆಯಿಂದಲೂ ಒಂದು ಬಾಗಿಲು ತೆರೆಯಿತು. 2024ರ ಡಿಸೆಂಬರಿನಲ್ಲಿ ಎಫ್‌ಡಿಎ, ಬೊಜ್ಜಿನ ಜೊತೆ ಮಧ್ಯಮ ಅಥವಾ ಜೋರು ಅಪ್ನಿಯಾ ಇರುವವರಿಗೆ ತೂಕ ಇಳಿಸುವ ಟರ್ಜೆಪಟೈಡ್ ಇಂಜೆಕ್ಷನ್ ಒಪ್ಪಿತು. ತೂಕದ ಕಾರಣಕ್ಕೆ ಸ್ಟಾರ್ ಬಾಗಿಲಲ್ಲಿ ವಾಪಸಾದವರಂಥ ಜನರಿಗೇ ಇದು.

ಯಾರಾದರೂ ಕೇಳಿದರೆ ನಾನು ಹೇಳುವ ಕ್ರಮ ಹೀಗೆ. ಮೊದಲು ಮಾಸ್ಕನ್ನೇ ಇನ್ನೊಮ್ಮೆ ನೋಡಿ. ಮುಖ ಮುಚ್ಚುವ ಮಾಸ್ಕ್ ಆಗದಿದ್ದರೆ ಮೂಗಿನ ಹೊಳ್ಳೆಗಷ್ಟೇ ಕೂರುವಂಥದ್ದು ಇದೆ. ಬಾಯಿ ಒಣಗಿದರೆ ಹ್ಯುಮಿಡಿಫೈಯರ್ ಇದೆ. ಒತ್ತಡವನ್ನು ನಿಧಾನವಾಗಿ ಏರಿಸುವ ಸೆಟ್ಟಿಂಗ್ ಇದೆ. ಅಳತೆ ತಪ್ಪಿದ ಮಾಸ್ಕಿಗೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟವರು ತುಂಬಾ ಜನ. ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನವೂ ಇದೆ. ಅದೂ ಆಗದಿದ್ದರೆ ಡೈಸ್ ಮಾಡಿಸಿ. ಬೆಲೆ, ಇನ್ಶೂರೆನ್ಸ್, ರಜೆಯ ಮಾತೆಲ್ಲ ಅದು ಆದ ಮೇಲೆ. ಅಂಗುಳ ಸುತ್ತಲಿಂದ ಮುಚ್ಚುತ್ತದೆ ಎಂದು ಬಂದರೆ ಆ ಮಾತಿನ ಅಗತ್ಯವೇ ಇರುವುದಿಲ್ಲ.

2023ರ ಜೂನ್‌ನಲ್ಲಿ ಎಫ್‌ಡಿಎ ಎರಡು ಜರಡಿಗಳನ್ನು ದೊಡ್ಡದು ಮಾಡಿತು. ಎಎಚ್‌ಐ 100ರವರೆಗೆ, ಬಿಎಂಐ 40ರವರೆಗೆ. ಮೂರನೆಯದನ್ನು ಮುಟ್ಟಲಿಲ್ಲ. ಯುರೋಪಿನಲ್ಲಿ ಮಾತ್ರ ಆ ಕಡೆ ಒಂದು ಹೆಜ್ಜೆ ಆಗಿದೆ. ಬೆಲ್ಜಿಯಂನ ನಿಕ್ಸೋವಾ ಕಂಪನಿಯ ಜೀನಿಯೊ ಸಾಧನಕ್ಕೆ ಎದೆಯಲ್ಲಿ ಬ್ಯಾಟರಿ ಇಲ್ಲ. ಗಲ್ಲದ ಕೆಳಗೆ ಒಳಗಿಡುವ ಅದು ನರದ ಎಡ ಬಲ ಎರಡೂ ಕವಲಿಗೆ ಕರೆಂಟ್ ಕೊಡುತ್ತದೆ, ಅದಕ್ಕೆ ಬೇಕಾದ ಶಕ್ತಿ ಪ್ರತಿರಾತ್ರಿ ಗಲ್ಲದ ಕೆಳಗೆ ಅಂಟಿಸಿಕೊಳ್ಳುವ ಪಟ್ಟಿಯಿಂದ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಸುತ್ತಲಿಂದ ಅಂಗುಳ ಮುಚ್ಚುವವರಿಗೂ ಅದನ್ನು ಹಾಕಿ ನೋಡಿದರು. 2021ರಲ್ಲಿ ಯುರೋಪು ಅಂಥವರಿಗೂ ಅದನ್ನು ಹಾಕಲು ಅನುಮತಿ ಕೊಟ್ಟಿತು.